ಬೇಕರಿಯವನ ಸಮಾಧಿ: ಕಲ್ಲಿನಲ್ಲಿ ಒಪ್ಪಿಸಿದ ಲೆಕ್ಕ

ರೋಮ್ ನಗರದ ಪೂರ್ವ ದಿಕ್ಕಿನಲ್ಲಿ ಪೋರ್ತಾ ಮಾಜ್ಜೋರೆ ಎಂಬ ಹೆಬ್ಬಾಗಿಲಿದೆ. ಟ್ರಾಮ್ ಹಳಿಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಗದ್ದಲದ ಜಾಗ ಅದು. ಬಾಗಿಲಿನ ಹೊರಮಗ್ಗುಲಿಗೆ ಹತ್ತು ಮೀಟರಿನಷ್ಟು ಎತ್ತರದ ಒಂದು ಕಟ್ಟಡ ನಿಂತಿದೆ. ಮೊದಲ ಸಲ ನೋಡಿದವರು ಅದನ್ನು ಇಪ್ಪತ್ತನೆಯ ಶತಮಾನದ ಯಾವುದೋ ಕಾರ್ಖಾನೆಯ ಅಳಿದುಳಿದ ಗೋಡೆ ಎಂದುಕೊಂಡರೆ ಅವರನ್ನು ಬೈಯುವಂತಿಲ್ಲ. ಕೆಳಗಡೆ ದಪ್ಪ ದಪ್ಪ ಉರುಳೆಗಳು ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ ನಿಂತಿವೆ. ಮೇಲ್ಗಡೆ ಅಂಥವೇ ಉರುಳೆಗಳನ್ನು ಅಡ್ಡ ಮಲಗಿಸಿ ಬಾಯಿಯನ್ನು ನಮ್ಮ ಕಡೆ ತಿರುಗಿಸಿಟ್ಟಂತೆ ಮೂರು ಸಾಲುಗಳಲ್ಲಿ ದುಂಡನೆಯ ತೂತುಗಳು. ಮೂಲೆಗಳಲ್ಲಿರುವ ಚೌಕಗಂಬಗಳನ್ನು ಬಿಟ್ಟರೆ ನಾವು ರೋಮನ್ ವಾಸ್ತು ಎಂದು ಗುರುತಿಸುವ ಯಾವ ಲಕ್ಷಣವೂ ಕಣ್ಣಿಗೆ ಬೀಳುವುದಿಲ್ಲ. ದೇವರಿಲ್ಲ, ಯುದ್ಧವಿಲ್ಲ, ಕುದುರೆಯೇರಿದ ವೀರನಿಲ್ಲ.

ಇದು ಒಂದು ಸಮಾಧಿ. ಗಣರಾಜ್ಯ ಕುಸಿದು ಮೊದಲ ಚಕ್ರವರ್ತಿ ಅಗಸ್ಟಸನ ಆಳ್ವಿಕೆ ಬೇರೂರುತ್ತಿದ್ದ ಕಾಲದಲ್ಲಿ, ಸುಮಾರು ಕ್ರಿ.ಪೂ. 30ರ ಆಸುಪಾಸಿನಲ್ಲಿ ಕಟ್ಟಿದ್ದು. ಕಟ್ಟಿಸಿದವನ ಹೆಸರು ಮಾರ್ಕಸ್ ವೆರ್ಗಿಲಿಯಸ್ ಯೂರಿಸಾಕೆಸ್. ಅವನು ಸೇನಾಪತಿಯಲ್ಲ, ಸೆನೆಟ್ ಸದಸ್ಯನೂ ಅಲ್ಲ. ಬೇಕರಿ ನಡೆಸುತ್ತಿದ್ದವನು.

ಪ್ರಾಚೀನ ಮೆಡಿಟರೇನಿಯನ್ ಲೋಕದ ಕಲೆ ಎಂದಾಕ್ಷಣ ಪಾರ್ಥೆನಾನ್, ಪಿರಮಿಡ್ಡು, ಕೊಲೊಸಿಯಂ ನೆನಪಾಗುತ್ತವೆ. ಅವುಗಳ ಉದ್ದೇಶವನ್ನು ಒಂದೊಂದು ವಾಕ್ಯದಲ್ಲಿ ಹೇಳಿ ಮುಗಿಸಿಬಿಡುವ ಅಭ್ಯಾಸ ನಮಗಿದೆ: ದೇವಿಗೆ ಮನೆ, ಅರಸನಿಗೆ ಪರಲೋಕ, ಜನರಿಗೆ ಮೋಜು. ಯೂರಿಸಾಕೆಸನ ಸಮಾಧಿ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಇದನ್ನು ಯಾರು ನೋಡಲಿ ಎಂದು ಕಟ್ಟಿಸಿದ, ಅವರಿಗೆ ಏನು ಹೇಳಬೇಕಿತ್ತು, ಅದನ್ನು ಹೇಳಲು ಈ ವಿಚಿತ್ರ ರೂಪವೇ ಏಕೆ ಬೇಕಾಯಿತು ಎಂಬುದನ್ನು ಕಲ್ಲು, ಬರಹ, ಚಿತ್ರ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರೊಟ್ಟಿ ಎಂದು ಬರೆದರೆ ನಮ್ಮ ಕಣ್ಣ ಮುಂದೆ ಬರುವುದು ತಟ್ಟಿ ಹೆಂಚಿಗೆ ಹಾಕಿದ ರೊಟ್ಟಿ. ಯೂರಿಸಾಕೆಸನ ಸರಕು ಹುದುಗು ಬಂದ ಹಿಟ್ಟನ್ನು ಒಲೆಯೊಳಗಿಟ್ಟು ಬೇಯಿಸಿದ ದುಂಡನೆಯ ದಪ್ಪ ಬ್ರೆಡ್ಡು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿಯ ಒಲೆಗಳಿಂದ ಅಂಥ ಬ್ರೆಡ್ಡುಗಳು ಕರಿ ಇದ್ದಿಲಾಗಿ, ಮೇಲಿನ ಎಂಟು ಹೋಳಿನ ಗುರುತೂ ಅಳಿಯದಂತೆ ಸಿಕ್ಕಿವೆ. ಆದ್ದರಿಂದ ಬ್ರೆಡ್ಡು ಎಂದೇ ಬರೆಯುತ್ತೇನೆ.

ಮೂಲೆಯ ನಿವೇಶನ

ಊರೊಳಗೆ ಶವವನ್ನು ಹೂಳಬಾರದು, ಸುಡಲೂಬಾರದು ಎಂದು ರೋಮಿನ ಅತಿ ಹಳೆಯ ಕಾನೂನುಗಳಾದ ಹನ್ನೆರಡು ಫಲಕಗಳಲ್ಲೇ ಇತ್ತು. ಹಾಗಾಗಿ ಊರಿನಿಂದ ಹೊರಡುವ ಪ್ರತಿ ಹೆದ್ದಾರಿಯ ಎರಡೂ ಬದಿಗೆ ಸಮಾಧಿಗಳು ಸಾಲುಗಟ್ಟಿದವು. ಸತ್ತವರನ್ನು ಊರಾಚೆ ಕಳಿಸಿದ ಕಾನೂನೇ ಅವರನ್ನು ದಾರಿಹೋಕರ ಕಣ್ಣಿಗೆ ಬೀಳುವಂತೆ ಮಾಡಿತು. ಬಂಡಿ ಹೊಡೆಯುವವರು, ಸಂತೆಗೆ ಬರುವವರು, ಊರು ಬಿಟ್ಟು ಹೋಗುವವರು ಎಲ್ಲರೂ ಈ ಕಲ್ಲುಗಳ ನಡುವೆಯೇ ಹಾದು ಹೋಗಬೇಕು.

ಯೂರಿಸಾಕೆಸ್ ಆರಿಸಿದ್ದು ಲಾಬಿಕಾನಾ ಮತ್ತು ಪ್ರೆನೆಸ್ತೀನಾ ಎಂಬ ಎರಡು ಹೆದ್ದಾರಿಗಳು ಕವಲೊಡೆಯುವ ಜಾಗ. ಎರಡು ರಸ್ತೆಗಳ ನಡುವೆ ಸಿಕ್ಕಿದ ತುಂಡು ನೆಲ ಚೌಕವಾಗಿರಲು ಸಾಧ್ಯವಿಲ್ಲ. ಕಟ್ಟಡವೂ ಆ ನೆಲದ ಹಾಗೆಯೇ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಸೊಟ್ಟಗಿದೆ. ಅದನ್ನು ಸರಿಪಡಿಸುವ ಗೋಜಿಗೆ ಅವನು ಹೋಗಲಿಲ್ಲ. ಮೂಲೆಯ ನಿವೇಶನಕ್ಕೆ ಬೆಲೆ ಹೆಚ್ಚು ಎಂಬುದು ಯಾವ ಕಾಲದ ವ್ಯಾಪಾರಿಗೂ ಗೊತ್ತಿರುವ ಸತ್ಯ. ಇಲ್ಲಿ ಯಾವ ರಸ್ತೆಯಿಂದ ಬಂದರೂ ಬೇಕರಿಯವನ ಒಂದಲ್ಲ ಒಂದು ಮುಖ ಎದುರಾಗುತ್ತದೆ. ಈಗ ಕಾಣುವ ಹೆಬ್ಬಾಗಿಲು ಆಗ ಇರಲಿಲ್ಲ, ಅದರ ಮೇಲಿನ ಕಾಲುವೆಯೂ ಇರಲಿಲ್ಲ. ಸಮಾಧಿ ಬಯಲಿಗೆ ಒಂಟಿಯಾಗಿ ಎದ್ದು ಕಾಣುತ್ತಿದ್ದಿರಬೇಕು. ಒಳಗೆ ಕಾಂಕ್ರೀಟು ತುಂಬಿ ಹೊರಗೆ ಟ್ರಾವರ್ಟೈನ್ ಎಂಬ ತಿಳಿಬಣ್ಣದ ಸುಣ್ಣಕಲ್ಲಿನ ಹೊದಿಕೆ ಹಾಕಿದ್ದಾರೆ. ಅಗ್ಗದ ಕೆಲಸವಲ್ಲ.

ಹೆಸರಿನ ಪಕ್ಕದ ಖಾಲಿ ಜಾಗ

ಉರುಳೆಗಳ ಎರಡು ಹಂತಗಳ ನಡುವೆ ಬರಹದ ಪಟ್ಟಿಯೊಂದು ಓಡುತ್ತದೆ. ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಅದೇ ವಾಕ್ಯ ಬೇರೆ ಬೇರೆ ಮುಖಗಳ ಮೇಲೆ ಮರುಕಳಿಸುತ್ತದೆ: ಎಸ್ತ್ ಹೋಕ್ ಮೊನಿಮೆಂತುಮ್ ಮಾರ್ಕೇಯಿ ವೆರ್ಗಿಲೇಯಿ ಎವ್ರುಸಾಕಿಸ್ ಪಿಸ್ತೋರಿಸ್ ರೆದೆಂಪ್ತೋರಿಸ್ ಅಪ್ಪಾರೆತ್. ಕನ್ನಡದಲ್ಲಿ ಹೇಳುವುದಾದರೆ, "ಇದು ಮಾರ್ಕಸ್ ವೆರ್ಗಿಲಿಯಸ್ ಯೂರಿಸಾಕೆಸನ ಸ್ಮಾರಕ, ಅವನು ಬೇಕರಿಯವನು, ಗುತ್ತಿಗೆದಾರ, ನೋಡಿದರೇ ತಿಳಿಯುತ್ತದೆ."

ಕೊನೆಯ ಪದ 'ಅಪ್ಪಾರೆತ್' ವಿದ್ವಾಂಸರಿಗೆ ಒಳ್ಳೆಯ ಕೆಲಸ ಕೊಟ್ಟಿದೆ. 'ಕಾಣುತ್ತಿದೆ', 'ಸ್ಪಷ್ಟವಾಗಿದೆ' ಎಂಬುದು ಅದರ ನೇರ ಅರ್ಥ. ಅಧಿಕಾರಿಗಳ ಕೈಕೆಳಗಿನ ಸರ್ಕಾರಿ ನೌಕರನನ್ನು ಸೂಚಿಸುವ ಪದದ ಮೊಟಕು ರೂಪ ಇದು ಎನ್ನುವವರೂ ಇದ್ದಾರೆ. ನನಗೆ ಮೊದಲ ಅರ್ಥವೇ ಒಪ್ಪಿಗೆ. ಕಟ್ಟಡದ ತುಂಬ ಬೇಕರಿಯ ಸಾಮಾನು ಹೇರಿ, ಅದರ ನಡುವೆ "ನಾನು ಬೇಕರಿಯವನು, ಕಾಣುತ್ತಿಲ್ಲವೇ" ಎಂದು ಬರೆಸಿದವನಿಗೆ ನಗುವುದು ಗೊತ್ತಿತ್ತು.

ಅಲ್ಲಿ ಬರೆದಿರುವುದಕ್ಕಿಂತ ಬರೆಯದೆ ಬಿಟ್ಟದ್ದು ಹೆಚ್ಚು ಕುತೂಹಲದ್ದು. ರೋಮನ್ ಪೌರನೊಬ್ಬ ತನ್ನ ಹೆಸರಿನ ಜೊತೆಗೆ 'ಇಂಥವನ ಮಗ' ಎಂದು ಬರೆಸುವುದು ರೂಢಿ. ಗುಲಾಮಗಿರಿಯಿಂದ ಬಿಡುಗಡೆಯಾದವನಾದರೆ 'ಇಂಥ ಒಡೆಯನಿಂದ ಬಿಡುಗಡೆಯಾದವನು' ಎಂದು ಬರೆಸುತ್ತಿದ್ದ. ಇಲ್ಲಿ ಎರಡೂ ಇಲ್ಲ. ಯೂರಿಸಾಕೆಸ್ ಎಂಬುದು ಗ್ರೀಕ್ ಹೆಸರು. 'ಅಗಲ ಗುರಾಣಿ' ಎಂದು ಅರ್ಥ, ಪುರಾಣದಲ್ಲಿ ಏಯಾಕ್ಸ್ ವೀರನ ಮಗನಿಗಿದ್ದ ಹೆಸರು. ರೋಮಿನಲ್ಲಿ ಗ್ರೀಕ್ ಹೆಸರಿನವರಲ್ಲಿ ಬಹಳ ಮಂದಿ ಗುಲಾಮರಾಗಿದ್ದವರು ಅಥವಾ ಅವರ ಮಕ್ಕಳು. ಈ ಆಧಾರದ ಮೇಲೆ ಅವನನ್ನು ಬಿಡುಗಡೆ ಹೊಂದಿದ ಗುಲಾಮ ಎಂದು ಬಹುತೇಕರು ಎಣಿಸುತ್ತಾರೆ. ಇರಬಹುದು. ಆದರೆ ಅವನು ಅದನ್ನು ಹೇಳಿಕೊಳ್ಳಲಿಲ್ಲ. ಅಪ್ಪನ ಹೆಸರೋ ಒಡೆಯನ ಹೆಸರೋ ಬರಬೇಕಾದ ಕಡೆ ಬಾಯಿ ಮುಚ್ಚಿಕೊಂಡು, ತನ್ನ ಗುರುತಿಗೆ ಕಸುಬನ್ನು ಮುಂದಿಟ್ಟ.

ಹೆಚ್ಚುಕಡಿಮೆ ಅದೇ ಕಾಲದ್ದಾದ, ಆಪ್ಪಿಯಾ ಹೆದ್ದಾರಿಯ ಕೆಸಿಲಿಯಾ ಮೆಟೆಲ್ಲಾಳ ಭಾರೀ ದುಂಡು ಸಮಾಧಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅಲ್ಲಿನ ಬರಹ ಹೇಳುವುದಿಷ್ಟೇ: ಅವಳು ಕ್ರೆಟಿಕಸ್ ಬಿರುದಿನ ಕ್ವಿಂಟಸನ ಮಗಳು, ಕ್ರಾಸಸನ ಹೆಂಡತಿ. ಅಷ್ಟು ದೊಡ್ಡ ಕಟ್ಟಡದಲ್ಲಿ ಅವಳು ಮಾಡಿದ್ದು ಏನು ಎಂಬ ಬಗ್ಗೆ ಒಂದಕ್ಷರವಿಲ್ಲ. ದೊಡ್ಡ ಮನೆತನಕ್ಕೆ ಕೆಲಸದ ವಿವರ ಬೇಕಿರಲಿಲ್ಲ.

ಕೆಲಸ ಹೇಳಿಕೊಳ್ಳುವುದು ಆ ಸಮಾಜದಲ್ಲಿ ಹೆಮ್ಮೆಯ ವಿಷಯವೂ ಆಗಿರಲಿಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ರಾಜಕಾರಣಿ, ವಾಗ್ಮಿ ಸಿಸೆರೋ ತನ್ನ ಮಗನಿಗೆಂದು ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಕೈಕಸುಬುಗಳೆಲ್ಲ ಕೀಳು, ಕಾರ್ಯಾಗಾರದಲ್ಲಿ ಸ್ವತಂತ್ರ ಮನುಷ್ಯನಿಗೆ ತಕ್ಕದ್ದು ಏನೂ ಇರಲಾರದು ಎನ್ನುತ್ತಾನೆ. ಮೀನು ಮಾರುವವರು, ಕಟುಕರು, ಅಡುಗೆಯವರು ಅವನ ಪಟ್ಟಿಯ ತಳದಲ್ಲಿದ್ದಾರೆ. ಅಲ್ಲೇ ಒಂದು ಕಿಂಡಿಯನ್ನೂ ಬಿಟ್ಟಿದ್ದಾನೆ: ಸಣ್ಣ ವ್ಯಾಪಾರ ಹೇಯವಾದರೂ ದೊಡ್ಡ ಪ್ರಮಾಣದ ವ್ಯಾಪಾರವನ್ನು ಅಷ್ಟೊಂದು ಜರಿಯಬೇಕಾಗಿಲ್ಲವಂತೆ. ಯೂರಿಸಾಕೆಸನ ಬರಹದ 'ಗುತ್ತಿಗೆದಾರ' ಎಂಬ ಪದವನ್ನು ನಾನು ಓದುವುದು ಈ ಕಿಂಡಿಯ ಬೆಳಕಿನಲ್ಲಿ. 'ಪಿಸ್ತೋರ್' ಎಂದರೆ ಮೂಲತಃ ಕುಟ್ಟುವವನು, ಒನಕೆ ಹಿಡಿದವನು. 'ರೆದೆಂಪ್ತೋರ್' ಎಂದರೆ ಕರಾರು ಮಾಡಿಕೊಂಡು ಸಾರ್ವಜನಿಕ ಕೆಲಸ ಹಿಡಿದವನು. ಮೊದಲನೆಯದು ಕೈಯ ಕೆಲಸ, ಎರಡನೆಯದು ಸರ್ಕಾರದೊಂದಿಗಿನ ಸಂಬಂಧ. ಎರಡನ್ನೂ ಒಂದರ ಪಕ್ಕ ಒಂದು ಕೂರಿಸಿ, ಯಾವುದನ್ನೂ ಮುಚ್ಚಿಡಲಿಲ್ಲ.

ರೋಮಿನಲ್ಲಿ ಬೇಕರಿ ಎಂಬುದೇ ಆಗಿನ್ನೂ ಅಷ್ಟು ಹಳೆಯ ಉದ್ಯಮವಲ್ಲ. ಮ್ಯಾಸಿಡೋನಿಯಾದ ಪರ್ಸಿಯಸನ ಮೇಲಿನ ಯುದ್ಧದ ತನಕ, ಅಂದರೆ ಕ್ರಿ.ಪೂ. 171ರ ಸುಮಾರಿನವರೆಗೆ, ಊರಿನಲ್ಲಿ ಬೇಕರಿಯವರೇ ಇರಲಿಲ್ಲ, ಮನೆಯ ಹೆಂಗಸರೇ ಬ್ರೆಡ್ಡು ಮಾಡಿಕೊಳ್ಳುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಇನ್ನು ಊರಿನ ಬಡವರಿಗೆ ಹಂಚುತ್ತಿದ್ದ ಪಡಿತರದ ವಿಷಯ. ಕ್ರಿ.ಪೂ. 123ರಲ್ಲಿ ಜನಪ್ರತಿನಿಧಿಯಾಗಿದ್ದ ಗಾಯಸ್ ಗ್ರಾಕಸ್ ಕಡಿಮೆ ಬೆಲೆಗೆ ಧಾನ್ಯ ಕೊಡುವ ಕಾನೂನು ತಂದ. ಕ್ರಿ.ಪೂ. 58ರಲ್ಲಿ ಅದೇ ಹುದ್ದೆಯಲ್ಲಿದ್ದ ಕ್ಲೋಡಿಯಸ್ ಅದನ್ನು ಪೂರ್ತಿ ಉಚಿತ ಮಾಡಿದ. ಹಂಚುತ್ತಿದ್ದದ್ದು ಕಾಳು, ಬ್ರೆಡ್ಡಲ್ಲ. ಬ್ರೆಡ್ಡು ಹಂಚುವ ಪದ್ಧತಿ ಬಂದದ್ದು ಮೂರು ಶತಮಾನಗಳ ನಂತರ, ಆರೇಲಿಯನ್ ಚಕ್ರವರ್ತಿಯ ಕಾಲದಲ್ಲಿ. ಆದ್ದರಿಂದ ಯೂರಿಸಾಕೆಸನನ್ನು 'ಪಡಿತರದ ಬ್ರೆಡ್ಡು ಮಾಡಿ ದುಡ್ಡು ಮಾಡಿಕೊಂಡವನು' ಎಂದು ಅಲ್ಲಲ್ಲಿ ಬರೆಯುವುದು ಸರಿಯಲ್ಲ. ಅವನ ಗಿರಾಕಿ ಸರ್ಕಾರವೇ ಆಗಿತ್ತು ಎಂಬುದಕ್ಕೆ ಸಾಕ್ಷಿ ಬೇರೆ ಕಡೆ, ಕಟ್ಟಡದ ನೆತ್ತಿಯಲ್ಲಿದೆ.

ಕಾಳಿನಿಂದ ತಕ್ಕಡಿಯವರೆಗೆ

ಸೂರಿನ ಕೆಳಗೆ ಉಬ್ಬುಶಿಲ್ಪದ ಕಿರಿದಾದ ಪಟ್ಟಿಯೊಂದು ಸುತ್ತಿಕೊಂಡು ಹೋಗುತ್ತದೆ. ಬ್ರೆಡ್ಡು ತಯಾರಾಗುವ ಬಗೆಯನ್ನು ಅಷ್ಟು ವಿವರವಾಗಿ ತೋರಿಸುವ ರೋಮನ್ ಶಿಲ್ಪಗಳು ಬಹಳ ಇಲ್ಲ.

ತೆಂಕಣ ಮುಖದಲ್ಲಿ ಕಥೆ ಆರಂಭವಾಗುವುದು ಕಾಳಿನಿಂದಲ್ಲ, ಕಾಳಿನ ಲೆಕ್ಕದಿಂದ. ಧಾನ್ಯ ಬಂದಿದೆ, ಬರೆದುಕೊಳ್ಳುವವರು ಬರೆದುಕೊಳ್ಳುತ್ತಿದ್ದಾರೆ. ಆಮೇಲೆ ಕತ್ತೆಗಳು ತಿರುಗಿಸುವ ಬೀಸುವ ಕಲ್ಲುಗಳು. ಪೊಂಪೇಯಿಯಲ್ಲಿ ಇಂದಿಗೂ ನಿಂತಿರುವ, ನಡು ಸಣ್ಣಗಾದ ಡಮರುವಿನ ಆಕಾರದ ಲಾವಾ ಕಲ್ಲುಗಳನ್ನು ಕಂಡವರಿಗೆ ಇವು ತಕ್ಷಣ ಗುರುತು ಸಿಗುತ್ತವೆ. ಅದರ ಮುಂದೆ ಹಿಟ್ಟನ್ನು ಜರಡಿ ಹಿಡಿಯುವವರು. ಬಡಗಣ ಮುಖಕ್ಕೆ ಬಂದರೆ ಹಿಟ್ಟು ನಾದುವ ಯಂತ್ರ, ಅದನ್ನು ತಿರುಗಿಸುವ ಪ್ರಾಣಿ. ಉದ್ದನೆಯ ಮೇಜುಗಳ ಎರಡೂ ಕಡೆ ಸಾಲಾಗಿ ನಿಂತು ಉಂಡೆ ಕಟ್ಟುವವರು. ಕೊನೆಗೆ ಉದ್ದ ಹಿಡಿಯ ಹಲಗೆಯಿಂದ ಒಲೆಯೊಳಗೆ ಬ್ರೆಡ್ಡು ತಳ್ಳುವವನು. ಆಳುಗಳು ಮೊಣಕಾಲಿನವರೆಗಿನ ಅಂಗಿಯಲ್ಲಿದ್ದಾರೆ. ನಡುನಡುವೆ ಟೋಗಾ ಎಂಬ, ರೋಮನ್ ಪೌರರ ಉದ್ದನೆಯ ಹೊದಿಕೆ ಹೊದ್ದ ಒಬ್ಬೊಬ್ಬರು ನಿಂತು ನೋಡುತ್ತಿದ್ದಾರೆ. ಬಟ್ಟೆ ನೋಡಿಯೇ ಯಾರು ಮಾಡುವವರು, ಯಾರು ಮಾಡಿಸುವವರು ಎಂದು ಕೆಳಗೆ ನಿಂತವನಿಗೂ ತಿಳಿಯುತ್ತದೆ.

ಪಡುವಣ ಮುಖಕ್ಕೆ ಬಂದಾಗ ನಾನು ಪ್ರತಿ ಸಲವೂ ತಡೆದು ನಿಲ್ಲುತ್ತೇನೆ. ಬ್ರೆಡ್ಡು ಬೆಂದಾಯಿತು, ಇನ್ನು ಅಂಗಡಿಯ ಕಟ್ಟೆ, ಕೊಳ್ಳುವ ಹೆಂಗಸು, ತಿನ್ನುವ ಮಗು ಬರಬೇಕು ಎಂದು ನಾವು ಕಾಯುತ್ತೇವೆ. ಬರುವುದು ಆಳೆತ್ತರದ ತಕ್ಕಡಿ. ಬ್ರೆಡ್ಡು ತುಂಬಿದ ಬುಟ್ಟಿಗಳನ್ನು ಹೊತ್ತು ತರುತ್ತಾರೆ, ತೂಗುತ್ತಾರೆ, ಟೋಗಾ ತೊಟ್ಟ ಅಧಿಕಾರಿಗಳ ಎದುರಿಗೆ ತೂಕ ದಾಖಲಾಗುತ್ತದೆ, ಬುಟ್ಟಿಗಳು ಹೊರಟುಹೋಗುತ್ತವೆ. ಕಥೆ ಮುಗಿಯಿತು. ಇಡೀ ಪಟ್ಟಿಯಲ್ಲಿ ಒಬ್ಬನೂ ಬ್ರೆಡ್ಡು ತಿನ್ನುವುದಿಲ್ಲ, ಯಾರೂ ಕಾಸು ಕೊಟ್ಟು ಕೊಳ್ಳುವುದಿಲ್ಲ.

ಆದ್ದರಿಂದ ಈ ಶಿಲ್ಪವನ್ನು ಬರಿಯ 'ದಿನನಿತ್ಯದ ಜೀವನದ ಚಿತ್ರ' ಎಂದು ಕರೆಯಲು ನನಗೆ ಮನಸ್ಸಿಲ್ಲ. ಲೆಕ್ಕ ಬರೆದುಕೊಂಡು ಕಾಳು ತೆಗೆದುಕೊಂಡವನು, ತೂಕ ಮಾಡಿಸಿ ಬ್ರೆಡ್ಡು ಒಪ್ಪಿಸಿದ್ದಾನೆ. ಎರಡು ತುದಿಗೂ ಸಾಕ್ಷಿಗಳಿದ್ದಾರೆ. ನಮ್ಮ ಗುತ್ತಿಗೆದಾರರು ಕೆಲಸ ಮುಗಿದ ಮೇಲೆ ಹಿಡಿದುಕೊಂಡು ಓಡಾಡುವ ಪೂರ್ಣಗೊಂಡ ಪ್ರಮಾಣಪತ್ರವನ್ನು ಈ ಮನುಷ್ಯ ಕಲ್ಲಿನಲ್ಲಿ ಕೆತ್ತಿಸಿ ಹೆದ್ದಾರಿಯ ಕವಲಿನಲ್ಲಿ ನಿಲ್ಲಿಸಿದ. ಹಿಟ್ಟಿನ ಕಸುಬಿನವರ ಮೇಲೆ ತೂಕ ಕಡಿಮೆ ಎಂಬ ಅನುಮಾನ ಯಾವ ಊರಿನಲ್ಲಿ ಇಲ್ಲ?

ಪಟ್ಟಿ ಮುಚ್ಚಿಟ್ಟದ್ದೂ ಇದೆ. ರೋಮನ್ ಹಾಸ್ಯನಾಟಕಗಳಲ್ಲಿ ಒಡೆಯ ಗುಲಾಮನನ್ನು ಹೆದರಿಸುವ ಮಾತೇ "ಬೀಸುವ ಕಲ್ಲಿಗೆ ಕಳಿಸಿಬಿಡುತ್ತೇನೆ" ಎಂಬುದು. ಎರಡನೆಯ ಶತಮಾನದಲ್ಲಿ ಅಪುಲಿಯಸ್ ಬರೆದ ಕಥೆಯಲ್ಲಿ ಕತ್ತೆಯಾಗಿ ಬದಲಾದ ಮನುಷ್ಯನೊಬ್ಬ ಇಂಥದೊಂದು ಬೇಕರಿಗೆ ಮಾರಾಟವಾಗುತ್ತಾನೆ. ಅವನು ಕಾಣುವ ಆಳುಗಳ ಬೆನ್ನ ಮೇಲೆ ಚಾವಟಿಯ ಬಾಸುಂಡೆಗಳಿವೆ, ಹಣೆಯಲ್ಲಿ ಬರೆಯ ಅಕ್ಷರಗಳು, ಕಾಲಲ್ಲಿ ಸಂಕೋಲೆ, ಮೈತುಂಬ ಹಿಟ್ಟಿನ ಬಿಳಿ ಧೂಳು. ಯೂರಿಸಾಕೆಸನ ಶಿಲ್ಪದಲ್ಲಿ ಎಲ್ಲರೂ ಅಚ್ಚುಕಟ್ಟು, ಎಲ್ಲರೂ ನೇರವಾಗಿ ನಿಂತವರು. ಅವನೇ ಒಂದು ಕಾಲಕ್ಕೆ ಆ ಮೇಜಿನ ಇನ್ನೊಂದು ಬದಿಯಲ್ಲಿ ನಿಂತಿದ್ದವನಾಗಿದ್ದರೆ, ಈ ಅಚ್ಚುಕಟ್ಟು ಇನ್ನಷ್ಟು ಕಸಿವಿಸಿ ಹುಟ್ಟಿಸುತ್ತದೆ.

ತೂತುಗಳ ಜಗಳ

ಈಗ ಉರುಳೆಗಳಿಗೆ ಬರೋಣ. ಅವು ಏನು? ಧಾನ್ಯ ಅಳೆಯುವ ಕೊಳಗಗಳು ಎಂದರು ಕೆಲವರು. ಧಾನ್ಯ ತುಂಬಿಡುವ ಕಣಜಗಳು ಎಂದರು ಇನ್ನು ಕೆಲವರು. ಒಲೆಯ ಬಾಯಿ ಎಂಬ ಊಹೆಯೂ ಇದೆ. ಹೆಚ್ಚು ಜನ ಒಪ್ಪುವ ವಿವರಣೆ, ಕಡೇಪಕ್ಷ ಮೇಲಿನ ತೂತುಗಳ ಮಟ್ಟಿಗೆ, ಅವು ಹಿಟ್ಟು ನಾದುವ ಯಂತ್ರದ ತೊಟ್ಟಿಗಳು ಎಂಬುದು. ಪೊಂಪೇಯಿಯ ಬೇಕರಿಗಳಲ್ಲಿ ಅಂಥ ಕಲ್ಲಿನ ದುಂಡು ತೊಟ್ಟಿಗಳು ಸಿಕ್ಕಿವೆ: ನಡುವೆ ನೆಟ್ಟಗೆ ನಿಂತು ತಿರುಗುವ ದಂಡ, ಅದಕ್ಕೆ ಸಿಕ್ಕಿಸಿದ ಮರದ ಅಲಗುಗಳು. ಸಮಾಧಿಯ ತೂತುಗಳ ಒಳತಳದಲ್ಲಿಯೂ ಚೌಕಾಕಾರದ ಕುಳಿಗಳಿವೆ, ಅವುಗಳಲ್ಲಿ ಕಬ್ಬಿಣದ ತುಕ್ಕಿನ ಗುರುತು ಕಂಡಿದೆ. ಲೋಹದ ಏನೋ ಒಂದು ಅಲ್ಲಿ ಕೂತಿತ್ತು. ತೊಟ್ಟಿಯನ್ನು ಅಡ್ಡ ಮಲಗಿಸಿ ಗೋಡೆಯಲ್ಲಿ ಹುದುಗಿಸಿದ್ದಾರೆ ಎಂದುಕೊಂಡರೆ ಎಲ್ಲವೂ ಹೊಂದುತ್ತದೆ.

ನನ್ನ ಒಲವೂ ಅತ್ತಲೇ. ಈ ಜಗಳ ನಮಗೆ ಇರುವುದು ನಾವು ಆ ಬೇಕರಿಯನ್ನು ಕಂಡಿಲ್ಲವಾದ್ದರಿಂದ. ಅಂದು ರಸ್ತೆಯಲ್ಲಿ ಹೋಗುತ್ತಿದ್ದವನಿಗೆ ಒರಳನ್ನು ಕಂಡರೆ ನಮ್ಮಜ್ಜಿಗೆ ಎಷ್ಟು ಗುರುತಾಗುತ್ತಿತ್ತೋ ಅಷ್ಟೇ ಸುಲಭವಾಗಿ ಗುರುತಾಗಿರಬೇಕು. 'ಅಪ್ಪಾರೆತ್' ಎಂದು ಅವನು ಧೈರ್ಯವಾಗಿ ಬರೆಸಿದ್ದು ಅದಕ್ಕೇ.

ಬಹುಕಾಲ ಕಲೆಯ ಇತಿಹಾಸಕಾರರು ಈ ಕಟ್ಟಡವನ್ನು ಮೂಗು ಮುರಿದೇ ನೋಡಿದರು. ಹೊಸದಾಗಿ ದುಡ್ಡು ಕಂಡವನ ಒಡ್ಡು ಅಭಿರುಚಿ ಎಂದರು. ಅವರ ತಲೆಯಲ್ಲಿ ಕುಳಿತಿದ್ದವನು ಟ್ರಿಮಾಲ್ಕಿಯೋ. ಪೆಟ್ರೋನಿಯಸನ ಕಾದಂಬರಿಯಲ್ಲಿ ಬರುವ ಈ ಮಾಜಿ ಗುಲಾಮ ಕುಡಿದು ಊಟಕ್ಕೆ ಕೂತವನು ತನ್ನ ಸಮಾಧಿ ಹೇಗಿರಬೇಕೆಂದು ವರ್ಣಿಸುತ್ತಾನೆ: ಹಾಯಿ ಬಿಚ್ಚಿದ ಹಡಗುಗಳಿರಲಿ, ಐದು ಚಿನ್ನದ ಉಂಗುರ ತೊಟ್ಟು ನಾನು ಚೀಲದಿಂದ ನಾಣ್ಯ ಸುರಿಯುತ್ತಿರಲಿ, ನಡುವೆ ಒಂದು ಗಡಿಯಾರವಿರಲಿ, ಹೊತ್ತು ನೋಡಲು ಬಂದವನು ಬೇಕೋ ಬೇಡವೋ ನನ್ನ ಹೆಸರು ಓದಲಿ. ಗಡಿಯಾರದ ಉಪಾಯಕ್ಕೆ ನಗದೆ ಇರಲು ಸಾಧ್ಯವಿಲ್ಲ. ಆದರೆ ಅದನ್ನು ಬರೆದವನು ಮೇಲ್ವರ್ಗದ ವ್ಯಂಗ್ಯಕಾರ, ಬರೆದದ್ದು ಯೂರಿಸಾಕೆಸ್ ಸತ್ತು ಸುಮಾರು ಒಂದು ಶತಮಾನದ ಬಳಿಕ. ವ್ಯಂಗ್ಯದ ಪಾತ್ರವೊಂದನ್ನು ಅಳತೆಗೋಲು ಮಾಡಿಕೊಂಡು, ನಿಜವಾಗಿ ಬದುಕಿದ್ದ ಬೇಕರಿಯವನನ್ನು ಅಳೆಯುವುದು ಯಾವ ನ್ಯಾಯ? ಆಡಂಬರವೇ ತಪ್ಪಾದರೆ, ಮೂವತ್ತಾರು ಮೀಟರ್ ಎತ್ತರದ ಪಿರಮಿಡ್ಡನ್ನೇ ತನಗೆಂದು ಎಬ್ಬಿಸಲು ಉಯಿಲು ಬರೆದಿಟ್ಟ, ಅದು 330 ದಿನಗಳಲ್ಲಿ ಮುಗಿಯಿತೆಂದು ವಾರಸುದಾರರು ಅದರ ಮೇಲೆ ಬರೆಸಿದ ಗಾಯಸ್ ಸೆಸ್ಟಿಯಸನನ್ನು ಯಾರೂ ಅಷ್ಟಾಗಿ ಹೀಯಾಳಿಸಲಿಲ್ಲ. ಅವನು ಉನ್ನತ ಅಧಿಕಾರದಲ್ಲಿದ್ದವನು, ಹಿಟ್ಟು ನಾದಿದವನಲ್ಲ.

ಬುರುಜಿನೊಳಗೆ

ಮುಂದೆ ಈ ಜಾಗದ ಸುತ್ತ ಊರು ಬೆಳೆಯಿತು. ಕ್ರಿ.ಶ. 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಮುಗಿಸಿದ ಎರಡು ಮೇಲ್ಗಾಲುವೆಗಳು ಇಲ್ಲಿಯೇ ರಸ್ತೆ ದಾಟಬೇಕಾಗಿ ಬಂದು, ಸಮಾಧಿಯ ಬೆನ್ನಿಗೆ ಆ ಎತ್ತರದ ಜೋಡಿ ಕಮಾನು ಎದ್ದಿತು. 271ರಿಂದ ಆರೇಲಿಯನ್ ಕೋಟೆ ಕಟ್ಟಿಸಿದಾಗ ಆ ಕಮಾನೇ ಊರಬಾಗಿಲಾಯಿತು. ಐದನೆಯ ಶತಮಾನದ ಆರಂಭದಲ್ಲಿ ಹೊನೋರಿಯಸ್ ಚಕ್ರವರ್ತಿಯ ಕಾಲಕ್ಕೆ ಕೋಟೆ ಬಲಪಡಿಸುವಾಗ, ದಾರಿಗಡ್ಡ ನಿಂತಿದ್ದ ಸಮಾಧಿಯನ್ನು ಕೆಡವುವ ಬದಲು ಅದರ ಸುತ್ತಲೇ ಬುರುಜು ಕಟ್ಟಿ ಮುಚ್ಚಿಬಿಟ್ಟರು. ಪೂರ್ವದ ಮುಖ ಹಾಳಾಯಿತು. ಪಟ್ಟಿಯ ಆ ಭಾಗ ನಮಗೆ ಸಿಗಲಿಲ್ಲ. ಉಳಿದ ಮೂರು ಮುಖಗಳು ಸಾವಿರದ ನಾನೂರಕ್ಕೂ ಹೆಚ್ಚು ವರ್ಷ ಮಳೆ, ಬಿಸಿಲು, ಕಲ್ಲು ಕದಿಯುವವರ ಕೈಗೆ ಸಿಗದೆ ಬುರುಜಿನ ಹೊಟ್ಟೆಯಲ್ಲಿ ಉಳಿದವು. 1838ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿಯ ಅಪ್ಪಣೆಯ ಮೇರೆಗೆ ಹೆಬ್ಬಾಗಿಲಿನ ಮೇಲಿನ ನಂತರದ ಕಟ್ಟಡಗಳನ್ನು ತೆಗೆಸಿದಾಗ ಬೇಕರಿಯವನು ಹೊರಗೆ ಬಂದ.

ಅಲ್ಲಿ ಸಿಕ್ಕಿದ ಬಿಡಿ ಕಲ್ಲುಗಳಲ್ಲಿ ಎರಡು ಮುಖ್ಯ. ಒಂದು, ಗಂಡಹೆಂಡಿರು ಪಕ್ಕಪಕ್ಕ ನಿಂತ ಆಳೆತ್ತರದ ಉಬ್ಬುಶಿಲ್ಪ. ಟೋಗಾ ತೊಟ್ಟ ಗಂಡಸು, ಮೈತುಂಬ ಸೆರಗು ಹೊದ್ದ ಹೆಂಗಸು. ಅದೀಗ ರೋಮಿನ ಕ್ಯಾಪಿಟೋಲೈನ್ ವಸ್ತುಸಂಗ್ರಹಾಲಯಗಳ ಸಂಗ್ರಹದಲ್ಲಿದೆ. ಇನ್ನೊಂದು, ಅಟಿಸ್ಟಿಯಾ ಎಂಬ ಹೆಣ್ಣಿನ ನೆನಪಿನ ಬರಹ. ಅದರಲ್ಲಿ ಗಂಡನ ಹೆಸರಿಲ್ಲ. ಆದರೂ ಅವಳು ಯೂರಿಸಾಕೆಸನ ಹೆಂಡತಿ ಎಂದು ಬಹುತೇಕರು ಹೇಳುವುದು ಅದರ ಕೊನೆಯ ಪದದಿಂದಾಗಿ. "ಅಟಿಸ್ಟಿಯಾ ನನಗೆ ಹೆಂಡತಿಯಾಗಿದ್ದಳು. ತುಂಬ ಒಳ್ಳೆಯ ಹೆಣ್ಣಾಗಿ ಬಾಳಿದಳು. ಅವಳ ದೇಹದಲ್ಲಿ ಉಳಿದದ್ದು ಈ ಬ್ರೆಡ್ಡಿನ ಬುಟ್ಟಿಯಲ್ಲಿದೆ."

ಅಸ್ಥಿಕಲಶಕ್ಕೂ ಬ್ರೆಡ್ಡಿನ ಬುಟ್ಟಿ ಎಂದನಲ್ಲ ಎಂದು ನಕ್ಕವರಿದ್ದಾರೆ. ದೊಡ್ಡ ಬರಹದಲ್ಲಿ ಅವನು ತನ್ನನ್ನು ಬೇರೆಯವನೆಂಬಂತೆ ಹೆಸರು ಹಿಡಿದು ಕರೆದುಕೊಂಡಿದ್ದಾನೆ: ಇಂಥವನ ಸ್ಮಾರಕ, ಇಂಥ ಕಸುಬಿನವನದು. 'ನನಗೆ' ಎಂಬ ಮಾತು ಬಂದಿರುವುದು ಈ ಚಿಕ್ಕ ಕಲ್ಲಿನಲ್ಲಿ ಮಾತ್ರ.